ಕೈಸನ್ನೆಯ ಮೇಲೆ ಯಾರ ಹಕ್ಕು?

ತಂಗಿ: ಅಣ್ಣ, ಒಂದು ಕಂಪನಿ ಗಾಳಿಯಲ್ಲಿ ಬೆರಳಾಡಿಸಿದರೆ ನಡೆಯುವ ಕನ್ನಡಕಕ್ಕೆ ಪೇಟೆಂಟ್ ಪಡೆಯಿತಂತೆ, ಇನ್ನೊಂದು ಕಂಪನಿ ಉಂಗುರಕ್ಕೆ, ಮತ್ತೊಂದು ಮುಂಗೈಗೆ ಕಟ್ಟುವ ಪಟ್ಟಿಗೆ. ಇಂಥ ಸುದ್ದಿ ಓದಿದಾಗಲೆಲ್ಲ ನನಗೆ ನನ್ನ ಶಾಲೆಯ ಮಕ್ಕಳೇ ನೆನಪಾಗ್ತಾರೆ. ಕಿವಿ ಕೇಳದ ಆ ಮಕ್ಕಳಿಗೆ ಕೈಯೇ ಮಾತು. ಕೈ ಆಡಿಸೋದಕ್ಕೂ ನಾಳೆ ಯಾರದಾದರೂ ಅಪ್ಪಣೆ ಬೇಕಾಗುತ್ತಾ ಅಂತ ಭಯವಾಗುತ್ತೆ. ಪೇಟೆಂಟ್ ಅರ್ಜಿ ಬರೆಯೋದೇ ನಿನ್ನ ಕಸುಬು. ಇದನ್ನ ನನಗೆ ಬಿಡಿಸಿ ಹೇಳು.

ಅಣ್ಣ: ಆ ಭಯದಲ್ಲಿ ಅರ್ಧವನ್ನು ಈಗಲೇ ಕಳೀತೀನಿ. ಪೇಟೆಂಟ್ ಸಿಗೋದು ಕೈಯ ಚಲನೆಗಲ್ಲ. ಆ ಚಲನೆಯನ್ನು ಯಂತ್ರ ಹೇಗೆ ಗುರುತಿಸುತ್ತೆ, ಗುರುತಿಸಿದ ಮೇಲೆ ಏನು ಮಾಡುತ್ತೆ ಅನ್ನೋ ಇಡೀ ಸರಣಿಗೆ. ಗೂಗಲ್‌ಗೆ 2013ರಲ್ಲಿ ಅಮೆರಿಕದಲ್ಲಿ ಒಂದು ಪೇಟೆಂಟ್ ಸಿಕ್ಕಿತು. ತಲೆಗೆ ತೊಟ್ಟ ಸಾಧನದ ಕ್ಯಾಮೆರಾದ ಮುಂದೆ ಎರಡೂ ಕೈ ಸೇರಿಸಿ ಹೃದಯದ ಆಕಾರ ಮಾಡಿದರೆ, ಆ ಆಕಾರದೊಳಗೆ ಕಾಣುವ ವಸ್ತು ತೊಟ್ಟವರಿಗೆ ಮೆಚ್ಚುಗೆಯಾಯಿತು ಅಂತ ಯಂತ್ರ ತಿಳಿದುಕೊಳ್ಳುವ ವಿಧಾನ ಅದು. ಮದುವೆ ಫೋಟೋಗೆ ಗಂಡು ಹೆಣ್ಣು ಅದೇ ಸನ್ನೆ ಮಾಡಿ ನಿಂತರೆ ಯಾವ ಪೇಟೆಂಟೂ ಉಲ್ಲಂಘನೆ ಆಗೋದಿಲ್ಲ. ನಿನ್ನ ಮಕ್ಕಳು ತರಗತಿಯಲ್ಲಿ ಮಾತಾಡಿದರೂ ಅಷ್ಟೇ.

ತಂಗಿ: ಹಾಗಾದರೆ ಎಲ್ಲಿಯವರೆಗೆ ಅವರದು, ಎಲ್ಲಿಂದ ನಮ್ಮದು ಅಂತ ತಿಳಿಯೋದು ಹೇಗೆ?

ಅಣ್ಣ: ಪೇಟೆಂಟ್ ದಾಖಲೆಯ ಕೊನೆಗೆ ಸಂಖ್ಯೆ ಹಾಕಿದ ವಾಕ್ಯಗಳಿರುತ್ತವೆ, ಕ್ಲೇಮ್ ಅಂತೀವಿ. ಕ್ರಯಪತ್ರದಲ್ಲಿ ಚಕ್ಕುಬಂದಿ ಇರೋ ಹಾಗೆ. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ದಾರಿ ಅಂತ ಬರೆದಿದೆಯೋ ಅಷ್ಟೇ ಕೊಂಡವನದು. ಮಿಕ್ಕ ಪುಟಗಳಲ್ಲಿ ಎಂಥ ಚಿತ್ರ, ಎಂಥ ವರ್ಣನೆ ಇದ್ದರೂ ಅದು ಅವನದಾಗೋದಿಲ್ಲ. ಸುದ್ದಿ ಬರೆಯುವವರು ಹೆಚ್ಚಾಗಿ ಚಿತ್ರ ನೋಡಿ ಬರೀತಾರೆ. ಕ್ಲೇಮ್ ಓದೋಕೆ ತಾಳ್ಮೆ ಬೇಕು, ಅದರ ಭಾಷೆ ಒರಟು. ಆದರೆ ವಿಷಯ ಇರೋದೆಲ್ಲ ಅಲ್ಲೇ.

ತಂಗಿ: ಪೇಟೆಂಟ್ ಸಿಕ್ಕಿದೆ ಅಂದರೆ ಆ ವಸ್ತು ತಯಾರಾಗಿದೆ ಅಂತ ತಾನೇ?

ಅಣ್ಣ: ಅಲ್ಲ. ಹೊಸದೇ, ಆ ವಿದ್ಯೆ ಬಲ್ಲವರಿಗೆ ತಾನಾಗಿ ಹೊಳೆಯದಂಥದ್ದೇ, ಬಳಕೆಗೆ ಬರುವಂಥದ್ದೇ ಅಂತ ಕಚೇರಿ ನೋಡುತ್ತೆ. ಬಲ್ಲವನೊಬ್ಬ ಓದಿ ಮಾಡಬಹುದಾದಷ್ಟು ವಿವರ ಇರಬೇಕು ಅನ್ನುತ್ತೆ. ಮಾಡಿ ತಂದು ತೋರಿಸು ಅನ್ನೋದಿಲ್ಲ. ಮೊದಲು ಅರ್ಜಿ ಹಾಕಿದವರಿಗೇ ಹಕ್ಕು. ಅಮೆರಿಕವೂ 2013ರ ಮಾರ್ಚ್‌ನಿಂದ ಈ ಪದ್ಧತಿಗೇ ಬಂತು. ಹಾಗಾಗಿ ಯೋಚನೆ ಕಾಗದದ ಮೇಲೆ ಇರುವಾಗಲೇ ಅರ್ಜಿ ಹೋಗಿಬಿಡುತ್ತೆ. ದೊಡ್ಡ ಕಂಪನಿ ಪೇಟೆಂಟ್ ಕೂಡಿಡೋದು ಎದುರಾಳಿ ದಾವೆ ಹೂಡಿದರೆ ತಿರುಗಿ ಹೂಡೋಕೆ. ಸಣ್ಣ ಕಂಪನಿ ಕೂಡಿಡೋದು ಮುಂದೆ ತನ್ನನ್ನು ಯಾರಾದರೂ ಕೊಳ್ಳುವಾಗ ಬೆಲೆ ಬರಲಿ ಅಂತ. ಸಾಧನ ಅಂಗಡಿಗೆ ಬರುತ್ತೋ ಇಲ್ಲವೋ ಅನ್ನೋದು ಬೇರೆಯೇ ಲೆಕ್ಕ.

ತಂಗಿ: ಸರಿ, ಹೊಸದು ಅಂದೆಯಲ್ಲ, ಅದೇ ನನಗೆ ಅರ್ಥವಾಗದ್ದು. ಕೈಸನ್ನೆಯಿಂದ ಯಂತ್ರ ನಡೆಸೋದರಲ್ಲಿ ಹೊಸದೇನಿದೆ? 2009ರ ನವೆಂಬರ್‌ನಲ್ಲಿ ನಮ್ಮ ಮೈಸೂರಿನ ಇನ್ಫೋಸಿಸ್ ಆವರಣದಲ್ಲೇ ಟೆಡ್ ಇಂಡಿಯಾ ಸಮ್ಮೇಳನ ನಡೀತು. ಗುಜರಾತಿನ ಪಾಲನ್‌ಪುರದ ಪ್ರಣವ್ ಮಿಸ್ತ್ರಿ ಕುತ್ತಿಗೆಗೆ ಕ್ಯಾಮೆರಾ, ಪ್ರೊಜೆಕ್ಟರ್ ನೇತುಹಾಕಿಕೊಂಡು, ಬೆರಳ ತುದಿಗೆ ಬಣ್ಣದ ಟೋಪಿ ಸಿಕ್ಕಿಸಿಕೊಂಡು ಗೋಡೆಯನ್ನೇ ಪರದೆ ಮಾಡಿ ತೋರಿಸಿದ ವಿಡಿಯೊ ಎಷ್ಟು ಜನ ನೋಡಿದರು! ಅಂಗೈಯ ಮೇಲೆ ಅಂಕಿಗಳು ಮೂಡಿ ಅಲ್ಲೇ ಫೋನ್ ಡಯಲ್ ಮಾಡಬಹುದಿತ್ತು.

ಅಣ್ಣ: ಅದರ ತಯಾರಿಕೆಗೆ ತಗಲಿದ್ದು ಸುಮಾರು 350 ಡಾಲರ್. ಅದನ್ನು ಎಲ್ಲರಿಗೂ ಮುಕ್ತವಾಗಿ ಬಿಡ್ತೀನಿ ಅಂತ ಅವರು ಅದೇ ವೇದಿಕೆಯಲ್ಲಿ ಹೇಳಿದರು. ನನಗೆ ಆ ಮಾತು ಆ ಯಂತ್ರಕ್ಕಿಂತ ದೊಡ್ಡದಾಗಿ ಕಂಡಿತು. ಅದಕ್ಕೂ ಹಿಂದಿನ ಕಥೆ ಉದ್ದ ಇದೆ. ರಷ್ಯಾದ ಲಿಯಾನ್ ಥೆರೆಮಿನ್ 1920ರ ಸುಮಾರಿಗೆ ಒಂದು ವಾದ್ಯ ಮಾಡಿದರು. ಅದಕ್ಕೆ ಎರಡು ಆಂಟೆನಾ. ಒಂದರ ಹತ್ತಿರ ಕೈ ತಂದರೆ ಸ್ವರ ಏರುತ್ತೆ, ಇನ್ನೊಂದರ ಹತ್ತಿರ ತಂದರೆ ದನಿ ತಗ್ಗುತ್ತೆ. ವಾದ್ಯವನ್ನು ಮುಟ್ಟೋದೇ ಬೇಡ. ಕೈ ಹತ್ತಿರ ಬಂದಾಗ ಸರ್ಕ್ಯೂಟಿನ ವಿದ್ಯುತ್ ಧಾರಕತೆ ಬದಲಾಗೋದನ್ನೇ ಅವರು ದನಿಯಾಗಿಸಿದ್ದರು. 1928ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು, ಆರ್‌ಸಿಎ ಕಂಪನಿ ತಯಾರಿಸಿ ಮಾರಿತು. 1980ರಲ್ಲಿ ಎಂಐಟಿಯ ರಿಚರ್ಡ್ ಬೋಲ್ಟ್, ಗೋಡೆಯಷ್ಟು ದೊಡ್ಡ ಪರದೆಯ ಕಡೆ ಬೆರಳು ಮಾಡಿ 'ಅದನ್ನು ಅಲ್ಲಿಡು' ಅಂದರೆ ಆಕೃತಿ ಸರಿದು ಕೂರುವ ವ್ಯವಸ್ಥೆ ತೋರಿಸಿದರು. ಬೆರಳು ಮಡಚಿದ್ದನ್ನು ಬೆಳಕಿನಿಂದ ಅಳೆಯುವ ಕೈಗವಸಿಗೆ ಥಾಮಸ್ ಜಿಮ್ಮರ್‌ಮನ್ 1985ರಲ್ಲಿ ಪೇಟೆಂಟ್ ಪಡೆದರು. 1989ರ ಹೊತ್ತಿಗೆ ಮಕ್ಕಳ ಆಟಕ್ಕೆ ನಿಂಟೆಂಡೊ ಯಂತ್ರದ ಪವರ್ ಗ್ಲೋವ್ ಅಂಗಡಿಯಲ್ಲಿತ್ತು. ಇವತ್ತು ಯಾರಾದರೂ ಕೈಸನ್ನೆಯ ಸಾಧನಕ್ಕೆ ಅರ್ಜಿ ಹಾಕಿದರೆ, ಪರೀಕ್ಷಕರು ಈ ಹಿಂದಿನದನ್ನೆಲ್ಲ ಮುಂದಿಟ್ಟುಕೊಂಡು 'ಇದರಲ್ಲಿ ನಿನ್ನದು ಎಷ್ಟು?' ಅಂತ ಕೇಳಬೇಕು. ಕೇಳಿದಾಗ ಉಳಿಯೋದು ಬಹಳ ಸಲ ಸಣ್ಣ ತುಂಡು. ಆ ಸಣ್ಣ ತುಂಡು ಪ್ರಾಮಾಣಿಕವಾದದ್ದಾದರೆ ಅದಕ್ಕೆ ಹಕ್ಕು ಕೊಡೋದರಲ್ಲಿ ತಪ್ಪಿಲ್ಲ.

ತಂಗಿ: ಪ್ರಾಮಾಣಿಕವಾದ ತುಂಡು ಅಂದರೆ?

ಅಣ್ಣ: ಸಂವೇದನೆಯ ಕಷ್ಟವನ್ನು ನಿಜವಾಗಿ ಬಿಡಿಸಿದ್ದು. ಮೈಕ್ರೋಸಾಫ್ಟ್ 2010ರ ನವೆಂಬರ್‌ನಲ್ಲಿ ಕಿನೆಕ್ಟ್ ತಂದಾಗ, ಇಸ್ರೇಲಿನ ಪ್ರೈಮ್‌ಸೆನ್ಸ್ ಕಂಪನಿಯ ತಂತ್ರ ಅದರೊಳಗಿತ್ತು. ಕಣ್ಣಿಗೆ ಕಾಣದ ಅವಗೆಂಪು ಬೆಳಕಿನ ಸಾವಿರಾರು ಚುಕ್ಕಿಗಳನ್ನು ಕೋಣೆಯ ತುಂಬ ಚೆಲ್ಲಿ, ಆ ಚುಕ್ಕಿಗಳ ವಿನ್ಯಾಸ ಎಲ್ಲಿ ಹೇಗೆ ಸರಿದಿದೆ ಅಂತ ನೋಡಿ ದೂರ ಅಳೆಯೋದು. ಮೊದಲ 60 ದಿನದಲ್ಲಿ 80 ಲಕ್ಷ ಕಿನೆಕ್ಟ್ ಮಾರಾಟವಾಯಿತು. ಆಟಕ್ಕಿಂತ ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಟೊರೊಂಟೊದ ಸನ್ನಿಬ್ರೂಕ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಕರು ಕೈತೊಳೆದು ಗ್ಲೌಸ್ ಹಾಕಿಕೊಂಡ ಮೇಲೆ ಮೌಸ್ ಮುಟ್ಟದೆ, ಬರೀ ಕೈ ಬೀಸಿ ರೋಗಿಯ ಸ್ಕ್ಯಾನ್ ಚಿತ್ರ ನೋಡೋಕೆ ಅದನ್ನು ಬಳಸಿದರು. ಕೈ ಕೊಳೆಯಾಗಬಾರದು ಅನ್ನೋ ಕಡೆ ಕೈಸನ್ನೆಗೆ ನಿಜವಾದ ಬೆಲೆ ಇದೆ. ಕೂತಲ್ಲಿಂದ ಟಿವಿ ಚಾನೆಲ್ ಬದಲಿಸೋದಕ್ಕೆ ತೋಳೆತ್ತಿ ಹಿಡಿದರೆ ಎರಡೇ ನಿಮಿಷಕ್ಕೆ ನೋವು ಬರುತ್ತೆ, ರಿಮೋಟೇ ಸಲೀಸು.

ತಂಗಿ: ಸಿನಿಮಾದಲ್ಲಿ ಮಾತ್ರ ಯಾರಿಗೂ ತೋಳು ನೋಯಲ್ಲ.

ಅಣ್ಣ: 2002ರ 'ಮೈನಾರಿಟಿ ರಿಪೋರ್ಟ್' ಚಿತ್ರಕ್ಕೆ ಸಲಹೆಗಾರರಾಗಿದ್ದ ಜಾನ್ ಅಂಡರ್‌ಕಾಫ್ಲರ್ ಎಂಐಟಿಯಿಂದ ಬಂದವರು. ಆ ದೃಶ್ಯವನ್ನು ನಿಜ ಮಾಡೋಕೆ ಅವರೇ ಆಮೇಲೆ ಕಂಪನಿ ಕಟ್ಟಿದರು. ಆ ತೋಳೆತ್ತುವ ಕಷ್ಟ ತಪ್ಪಿಸೋಕೆ ಗೂಗಲ್ ಬೇರೆ ದಾರಿ ಹಿಡೀತು. ಇವಾನ್ ಪೂಪಿರೆವ್ ಅವರ ತಂಡ 2015ರಲ್ಲಿ ಸೋಲಿ ಅನ್ನೋ ಪುಟ್ಟ ರಾಡಾರ್ ತೋರಿಸಿತು. ಹೆಬ್ಬೆರಳನ್ನು ತೋರುಬೆರಳ ಮೇಲೆ ಉಜ್ಜಿದರೂ ಗುರುತಿಸುತ್ತಿತ್ತು. 2019ರ ಪಿಕ್ಸೆಲ್ 4 ಫೋನಿನಲ್ಲಿ ಅದು ಬಂತು. ಅದು ನಡೆಯೋದು 60 ಗಿಗಾಹರ್ಟ್ಸ್ ಆವರ್ತನದಲ್ಲಿ. ಭಾರತದಲ್ಲಿ ಆ ಆವರ್ತನವನ್ನು ಪರವಾನಗಿ ಇಲ್ಲದೆ ಬಳಸೋಕೆ ಆಗ ಅನುಮತಿ ಇರಲಿಲ್ಲ. ಆ ಫೋನ್ ಇಲ್ಲಿಗೆ ಬರಲೇ ಇಲ್ಲ. ಮುಂದಿನ ವರ್ಷದ ಪಿಕ್ಸೆಲ್ 5ರಲ್ಲಿ ಗೂಗಲ್ ಅದನ್ನು ಕೈಬಿಟ್ಟಿತು. ಆಮೇಲೆ ಅದೇ ರಾಡಾರ್ ಮಲಗಿದವರ ನಿದ್ದೆ ಗಮನಿಸುವ ಸಾಧನದಲ್ಲಿ ಬಂತು.

ತಂಗಿ: ಬಂದವು, ಹೋದವು. ಕಂಪನಿಗೆ ನಷ್ಟ ಆಗಿರಬಹುದು, ಜನಕ್ಕೇನು ನಷ್ಟ?

ಅಣ್ಣ: ಸೋಲಿ ಹೋದದ್ದರಿಂದ ಯಾರಿಗೂ ದೊಡ್ಡ ನಷ್ಟವಾಗಲಿಲ್ಲ. ಆದರೆ ಎರಡು ಕಥೆ ಹೇಳ್ತೀನಿ, ಅವು ಹಾಗಲ್ಲ. ವೇಯ್ನ್ ವೆಸ್ಟರ್‌ಮನ್ ಅಂತ ಒಬ್ಬರು ಅಮೆರಿಕದ ಡೆಲಾವೇರ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡ್ತಿದ್ದರು. ಟೈಪ್ ಮಾಡಿ ಮಾಡಿ ಅವರಿಗೆ ಕೈನೋವು ಬಂದಿತ್ತು. ಗುಂಡಿ ಒತ್ತೋದೇ ಬೇಡ, ಸಮತಟ್ಟಾದ ಹಲಗೆಯ ಮೇಲೆ ಬೆರಳು ಹಗುರವಾಗಿ ತಾಗಿದರೆ ಸಾಕು, ಎರಡು ಬೆರಳು ಸರಿಸಿದರೆ ಒಂದು ಕೆಲಸ, ಮೂರು ಸರಿಸಿದರೆ ಇನ್ನೊಂದು, ಅಂಥ ಕೀಬೋರ್ಡ್ ಮಾಡಿದರು. ಅವರ ಪ್ರಾಧ್ಯಾಪಕರು ಜಾನ್ ಎಲಿಯಾಸ್. ಇಬ್ಬರೂ ಸೇರಿ ಫಿಂಗರ್‌ವರ್ಕ್ಸ್ ಕಂಪನಿ ಶುರು ಮಾಡಿದರು. 1999ರಲ್ಲಿ ಹಾಕಿದ ಅರ್ಜಿಗೆ 2001ರಲ್ಲಿ ಪೇಟೆಂಟ್ ಸಿಕ್ಕಿತು. ಕೈನೋವಿನಿಂದ ಕೆಲಸವೇ ಬಿಡಬೇಕಾಗಿದ್ದವರು ಆ ಕೀಬೋರ್ಡ್ ಹಿಡಿದು ಮತ್ತೆ ಕೆಲಸಕ್ಕೆ ಕೂತರು. 2005ರಲ್ಲಿ ಆಪಲ್ ಆ ಕಂಪನಿಯನ್ನು ಕೊಂಡಿತು. ಕೀಬೋರ್ಡ್ ತಯಾರಿಕೆ ನಿಂತುಹೋಯಿತು. 2007ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ವೇದಿಕೆಯ ಮೇಲೆ ಐಫೋನ್ ಎತ್ತಿ ಹಿಡಿದು, ಹಲವು ಬೆರಳುಗಳ ಸ್ಪರ್ಶದ ಈ ತಂತ್ರ ನಮ್ಮದು, ಇದಕ್ಕೆ ಪೇಟೆಂಟ್ ಮಾಡಿಸಿದ್ದೇವೆ ಅಂತ ಸಾರಿದರು.

ತಂಗಿ: ಕೈನೋವಿನವರ ಕೀಬೋರ್ಡ್?

ಅಣ್ಣ: ಇದ್ದ ಹಳೆಯದನ್ನೇ ರಿಪೇರಿ ಮಾಡಿಕೊಂಡು, ಯಾರಾದರೂ ಮಾರಿದರೆ ಹೆಚ್ಚು ಬೆಲೆ ಕೊಟ್ಟು ಕೊಂಡು ಕಾಲ ಹಾಕಿದರು. ಆಪಲ್ ಅದನ್ನು ಮತ್ತೆ ತಯಾರಿಸಲಿಲ್ಲ. ಐಫೋನ್‌ನಿಂದ ಜಗತ್ತಿಗೆ ಲಾಭವಾಯಿತು ಅನ್ನೋದನ್ನು ನಾನು ಅಲ್ಲಗಳೆಯೋದಿಲ್ಲ. ನೋವಿನಿಂದ ಹುಟ್ಟಿದ ಸಾಧನ ನೋವಿದ್ದವರ ಕೈತಪ್ಪಿ ಹೋಯಿತಲ್ಲ, ನನ್ನ ಸಂಕಟ ಅದು.

ಇನ್ನೊಂದು ಕಥೆ ಕೆನಡಾದ ವಾಟರ್‌ಲೂ ಪ್ರದೇಶದ್ದು. ಥಾಲ್ಮಿಕ್ ಲ್ಯಾಬ್ಸ್ ಅನ್ನೋ ಕಂಪನಿ 2013ರಲ್ಲಿ ಮಯೋ ಅನ್ನೋ ತೋಳಪಟ್ಟಿ ಮಾಡ್ತೀವಿ ಅಂತ ಪ್ರಕಟಿಸಿತು. ಬೆರಳು ಆಡಿಸುವಾಗ ಮುಂದೋಳಿನ ಸ್ನಾಯುಗಳಲ್ಲಿ ಸಣ್ಣ ವಿದ್ಯುತ್ ಸಂಕೇತ ಏಳುತ್ತೆ. ಚರ್ಮದ ಮೇಲಿಂದಲೇ ಅದನ್ನು ಓದೋದು. ಕ್ಯಾಮೆರಾ ಬೇಡ, ತೋಳೆತ್ತೋದೂ ಬೇಡ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯ ಕೈ ಕಳೆದುಕೊಂಡವರ ಯಾಂತ್ರಿಕ ತೋಳನ್ನು ನಡೆಸೋಕೆ ಈ ಪಟ್ಟಿಯನ್ನೇ ಬಳಸಿತು. ಬೆಲೆ ಕಡಿಮೆ ಇದ್ದದ್ದರಿಂದ ಎಷ್ಟೋ ವಿಶ್ವವಿದ್ಯಾಲಯಗಳ ಸಂಶೋಧಕರು ಕೊಂಡರು. 2018ರ ಅಕ್ಟೋಬರ್‌ನಲ್ಲಿ ಕಂಪನಿ ಮಯೋ ನಿಲ್ಲಿಸಿತು. 2019ರಲ್ಲಿ ಅದರ ಪೇಟೆಂಟ್‌ಗಳನ್ನು ನ್ಯೂಯಾರ್ಕಿನ ಕಂಟ್ರೋಲ್ ಲ್ಯಾಬ್ಸ್ ಕೊಂಡಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಫೇಸ್‌ಬುಕ್ ಆ ಕಂಟ್ರೋಲ್ ಲ್ಯಾಬ್ಸ್ ಅನ್ನೇ ಕೊಂಡಿತು. ಆ ಪೇಟೆಂಟ್‌ಗಳನ್ನು ಕೊಂಡವರಿಂದ ಅಂಗಡಿಗೆ ಅಂಥ ಪಟ್ಟಿ ಬಂದದ್ದು 2025ರ ಸೆಪ್ಟೆಂಬರ್‌ನಲ್ಲಿ, ಮೆಟಾ ಅನ್ನೋ ಹೊಸ ಹೆಸರಿನಲ್ಲಿ, ಕನ್ನಡಕದ ಜೊತೆ 799 ಡಾಲರ್‌ಗೆ.

ತಂಗಿ: ನಡುವೆ ಏಳು ವರ್ಷ.

ಅಣ್ಣ: ಏಳು ವರ್ಷ ಅವರೇನೂ ಸುಮ್ಮನೆ ಕೂತಿರಲಿಲ್ಲ, ಅದನ್ನೂ ಹೇಳಬೇಕು. ಹಿಂದೆ ಪ್ರತಿಯೊಬ್ಬರ ಸ್ನಾಯುವಿಗೂ ಯಂತ್ರವನ್ನು ಬೇರೆ ಬೇರೆಯಾಗಿ ಪಳಗಿಸಬೇಕಿತ್ತು. ಸಾವಿರಾರು ಜನರ ಸಂಕೇತ ಕಲೆಹಾಕಿ, ಹೊಸಬರು ಕಟ್ಟಿಕೊಂಡ ತಕ್ಷಣ ಕೆಲಸ ಮಾಡುವ ಹಾಗೆ ಮಾಡಿದ್ದನ್ನು ಅವರು 2025ರ ಜುಲೈನಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಬೆರಳಿಂದ ಗಾಳಿಯಲ್ಲಿ ಅಕ್ಷರ ಬರೆದರೆ ನಿಮಿಷಕ್ಕೆ ಸುಮಾರು 21 ಪದ ಮೂಡುತ್ತಿತ್ತು. ಬೆನ್ನುಹುರಿಗೆ ಪೆಟ್ಟಾದವರ ಜೊತೆಗೂ ಪ್ರಯೋಗ ನಡೆದಿದೆ. ದೊಡ್ಡ ಕೆಲಸವೇ. ಆದರೂ, ಮಯೋ ನೆಚ್ಚಿಕೊಂಡು ಯಾಂತ್ರಿಕ ಕೈ ಕಟ್ಟುತ್ತಿದ್ದ ಸಣ್ಣ ಪ್ರಯೋಗಾಲಯಕ್ಕೆ ಆ ಏಳು ವರ್ಷ ಬಿಡಿಭಾಗ ಸಿಗಲಿಲ್ಲ. ಸಾಧನ ಸತ್ತರೂ ಪೇಟೆಂಟ್ ಸಾಯೋದಿಲ್ಲ ಕಣಮ್ಮ. ಅದು ಕೈಯಿಂದ ಕೈಗೆ ಮಾರಾಟವಾಗುತ್ತಾ ಬದುಕಿರುತ್ತೆ.

ತಂಗಿ: ಹಾಗಾದರೆ ಇಂಥ ಪೇಟೆಂಟೇ ಬೇಡ ಅನ್ನಬೇಕು. ಯಾಕೆ ಅನ್ನಬಾರದು?

ಅಣ್ಣ: ನಾನು ಹಾಗೆ ಹೇಳೋದಿಲ್ಲ. ಪೇಟೆಂಟ್ ಇರದಿದ್ದರೆ ವೆಸ್ಟರ್‌ಮನ್ ಮಾಡಿದ್ದನ್ನು ದೊಡ್ಡ ಕಂಪನಿಗಳು ಒಂದು ಪೈಸೆ ಕೊಡದೆ ತೆಗೆದುಕೊಳ್ಳುತ್ತಿದ್ದವು. ಇನ್ನೊಂದು ಮಾತು, ಪೇಟೆಂಟ್ ಗುಟ್ಟು ಬಿಚ್ಚಿಸುತ್ತೆ. ಹೇಗೆ ಮಾಡಿದೆ ಅಂತ ಪೂರ್ತಿ ಬರೆದುಕೊಟ್ಟರೇ ಹಕ್ಕು. ಅವಧಿ ಅರ್ಜಿ ಹಾಕಿದ ದಿನದಿಂದ 20 ವರ್ಷ. ಆ 1999ರ ಅರ್ಜಿಯ ಪೇಟೆಂಟ್ ಈಗ ಮುಗಿದಿದೆ. ಅದರಲ್ಲಿ ಬರೆದದ್ದನ್ನು ಓದಿ ಯಾರು ಬೇಕಾದರೂ ಕೈನೋವಿನವರಿಗೆ ಕೀಬೋರ್ಡ್ ಮಾಡಬಹುದು. ಮಾಡಲಿ ಅಂತ ನನ್ನ ಆಸೆ. ನಾನು ವಿರೋಧಿಸೋದು ಎರಡನ್ನ. ಸನ್ನೆಯನ್ನೇ ತನ್ನದು ಅನ್ನುವಷ್ಟು ಅಗಲವಾದ ಕ್ಲೇಮ್ ಒಂದು. ಸಾಧನ ಮಾಡದೆ, ಮಾಡುವವರನ್ನೂ ಬಿಡದೆ ಹಿಡಿದಿಟ್ಟುಕೊಂಡ ಪೇಟೆಂಟ್ ಇನ್ನೊಂದು.

ತಂಗಿ: ಸನ್ನೆಯನ್ನೇ ತನ್ನದು ಅಂದವರೂ ಇದ್ದಾರಾ?

ಅಣ್ಣ: ಫೋನಿನ ಬೀಗ ತೆಗೆಯೋಕೆ ಪರದೆಯ ಮೇಲೆ ಬೆರಳು ಸರಿಸ್ತಿದ್ದೆವು, ನೆನಪಿದೆಯಾ? ಅದಕ್ಕೆ ಆಪಲ್ 2005ರ ಕೊನೆಯಲ್ಲಿ ಅರ್ಜಿ ಹಾಕಿತ್ತು. ಆದರೆ ಸ್ವೀಡನ್ನಿನ ನಿಯೋನೋಡ್ ಕಂಪನಿಯ ಸಣ್ಣ ಫೋನಿನಲ್ಲಿ ಬೆರಳು ಸರಿಸಿ ಬೀಗ ತೆಗೆಯೋದು ಮೊದಲೇ ಇತ್ತು. ಲಂಡನ್ನಿನ ಹೈಕೋರ್ಟು 2012ರಲ್ಲಿ ಆಪಲ್ ಪೇಟೆಂಟ್ ಊರ್ಜಿತವಲ್ಲ ಅಂದಿತು. ಜರ್ಮನಿಯ ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ಹಾಗೇ ಹೇಳಿತು. ಅಮೆರಿಕದಲ್ಲಿ ಬೇರೆಯಾಯಿತು. ಸ್ಯಾಮ್‌ಸಂಗ್ ವಿರುದ್ಧದ ದಾವೆಯಲ್ಲಿ ಜ್ಯೂರಿ 2014ರಲ್ಲಿ, ಇನ್ನೂ ಕೆಲವು ಪೇಟೆಂಟ್‌ಗಳ ಜೊತೆ ಇದಕ್ಕೂ ಸೇರಿಸಿ, ಸುಮಾರು 12 ಕೋಟಿ ಡಾಲರ್ ಪರಿಹಾರ ಹೇಳಿತು. ಮೇಲ್ಮನವಿಯಲ್ಲಿ ಒಮ್ಮೆ ಬಿದ್ದು, 2016ರ ಅಕ್ಟೋಬರ್‌ನಲ್ಲಿ ಪೂರ್ಣಪೀಠದ ಮುಂದೆ ಮತ್ತೆ ನಿಂತಿತು. ಅದಕ್ಕೆ ಒಂದು ತಿಂಗಳ ಹಿಂದೆಯೇ ಆಪಲ್ ತನ್ನ ಹೊಸ ತಂತ್ರಾಂಶದಲ್ಲಿ ಆ ಸನ್ನೆಯನ್ನು ತೆಗೆದುಹಾಕಿತ್ತು. ತಾನೇ ಬಿಟ್ಟ ಸನ್ನೆಗೆ ಒಂದು ದೇಶದಲ್ಲಿ ಕೋಟಿಗಟ್ಟಲೆ ಬೆಲೆ, ಇನ್ನೆರಡು ದೇಶದಲ್ಲಿ ಅದು ಎಲ್ಲರ ಸೊತ್ತು. ಬೆರಳೊಂದನ್ನು ಸರಿಸೋದಕ್ಕೆ ಹೀಗೆ ಗಡಿಗೊಂದು ನ್ಯಾಯ ಆಗೋದು ನನಗೆ ಸರಿ ಕಾಣೋದಿಲ್ಲ. ಲಂಡನ್ ಮತ್ತು ಜರ್ಮನಿಯ ತೀರ್ಪುಗಳೇ ನ್ಯಾಯವಾದವು.

ತಂಗಿ: ಈ ಸಾಧನಗಳೆಲ್ಲ ಕೈ ಹೇಳಿದ ಹಾಗೆ ಯಂತ್ರ ಕೇಳೋದು. ಉಲ್ಟಾ ಆಗೋದಿಲ್ವಾ? ಕೈ ಎಲ್ಲಿದೆ ಅಂತ ಗೊತ್ತಾದ ಮೇಲೆ ಕೈಗೆ ಅಪ್ಪಣೆ ಕೊಡೋದೇನು ಕಷ್ಟ?

ಅಣ್ಣ: ಅಮೆಜಾನ್‌ಗೆ 2018ರ ಜನವರಿಯಲ್ಲಿ ಅಂಥದ್ದೇ ಎರಡು ಪೇಟೆಂಟ್ ಸಿಕ್ಕವು. ಗೋದಾಮಿನ ಕೆಲಸಗಾರರ ಮಣಿಕಟ್ಟಿಗೆ ಪಟ್ಟಿ. ಕೈ ಯಾವ ಡಬ್ಬದ ಹತ್ತಿರ ಇದೆ ಅಂತ ಶ್ರವಣಾತೀತ ಶಬ್ದತರಂಗದಿಂದ ಗುರುತಿಸೋದು, ತಪ್ಪು ಡಬ್ಬದ ಕಡೆ ಹೋದರೆ ಪಟ್ಟಿ ನಡುಗಿ ಸೂಚನೆ ಕೊಡೋದು. ಸ್ಕ್ಯಾನರ್ ಹಿಡಿಯುವ ಕೆಲಸ ತಪ್ಪಿ ಕೈ ಬಿಡುವಾಗುತ್ತೆ ಅಂತ ಕಂಪನಿ ಸಮರ್ಥಿಸಿಕೊಂಡಿತು. ಆ ವಾದ ನನಗೆ ಒಪ್ಪಿಗೆಯಾಗಲಿಲ್ಲ. ದಿನವಿಡೀ ಒಬ್ಬ ಮನುಷ್ಯನ ಕೈ ಎಲ್ಲೆಲ್ಲಿ ಹೋಯಿತು ಅನ್ನೋ ದಾಖಲೆ ಯಜಮಾನನ ಬಳಿ ಉಳಿಯಬಹುದಾದರೆ, ಆ ದಾಖಲೆಯ ಮೇಲೆ ಕೆಲಸಗಾರನಿಗೆ ಏನು ಹಕ್ಕು ಅಂತ ಮೊದಲೇ ತೀರ್ಮಾನವಾಗಬೇಕು. ಪೇಟೆಂಟ್ ಕಚೇರಿ ಅದನ್ನು ತೀರ್ಮಾನಿಸೋದಿಲ್ಲ. ಅದು ಕಾರ್ಮಿಕ ಕಾನೂನಿನ ಕೆಲಸ.

ತಂಗಿ: ನನ್ನ ಕಡೆಯದನ್ನೂ ಕೇಳು. 2016ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಸಂಜ್ಞಾ ಭಾಷೆಯನ್ನು ಮಾತಾಗಿಸುವ ಕೈಗವಸು ಮಾಡಿ ದೊಡ್ಡ ಬಹುಮಾನ ಪಡೆದರು. ಲೋಕವೆಲ್ಲ ಹೊಗಳಿತು. ಕಿವುಡರ ಸಮುದಾಯದವರು ಮಾತ್ರ ಬೇಸರಪಟ್ಟರು. ಯಾಕೆ ಅಂದರೆ ಸಂಜ್ಞಾ ಭಾಷೆ ಬರೀ ಬೆರಳಲ್ಲಿ ಇಲ್ಲ. ಹುಬ್ಬು ಏರಿಸೋದು, ತುಟಿ, ಭುಜ, ಮೈ ತಿರುಗಿಸೋದು, ಇವೆಲ್ಲ ವ್ಯಾಕರಣ. ನಮ್ಮ ಭಾರತೀಯ ಸಂಜ್ಞಾ ಭಾಷೆಯಲ್ಲಿ ಏನು, ಎಲ್ಲಿ, ಯಾರು ಅನ್ನೋ ಸನ್ನೆ ವಾಕ್ಯದ ಕೊನೆಗೆ ಬರುತ್ತೆ, ಮುಖ ಜೊತೆಗಿರದಿದ್ದರೆ ಪ್ರಶ್ನೆ ಪ್ರಶ್ನೆಯಾಗೋದಿಲ್ಲ. ಕೈಗವಸು ಮುಖ ನೋಡುತ್ತಾ? ನಮ್ಮನ್ನು ಒಂದು ಮಾತು ಕೇಳದೆ, ನಮಗಾಗಿ ಅಂತ ಹೇಳಿ ಮಾಡಿದ ಸಾಧನಗಳು ಇವು. ಅಲ್ಲೂ ಕಷ್ಟಪಡಬೇಕಾದವರು ಮಕ್ಕಳೇ. ಕೇಳಿಸಿಕೊಳ್ಳುವವರು ನಾಲ್ಕು ಸನ್ನೆ ಕಲಿಯಬಾರದಾ?

ಅಣ್ಣ: ನೀನು ಹೇಳಿದ್ದು ಪೇಟೆಂಟ್ ಪರೀಕ್ಷೆಗೂ ಬೇಕಾದ ಮಾತು. ದೆಹಲಿಯಲ್ಲಿ 2015ರಲ್ಲಿ ಶುರುವಾದ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ನಿಘಂಟು ಪ್ರಕಟಿಸಿದೆಯಲ್ಲ?

ತಂಗಿ: ಹೌದು, 2021ರ ಆವೃತ್ತಿಯಲ್ಲಿ 10,000 ಪದ. ವಿಡಿಯೊ ಸಮೇತ ಇದೆ, ನಾವು ದಿನಾ ಬಳಸ್ತೀವಿ.

ಅಣ್ಣ: ಅದು ಸಾರ್ವಜನಿಕವಾಗಿ ಪ್ರಕಟವಾದ ದಾಖಲೆ. ಆ ಸನ್ನೆಗಳಲ್ಲಿ ಯಾವುದನ್ನೂ ತಾನು ಹೊಸದಾಗಿ ಕಂಡುಹಿಡಿದೆ ಅಂತ ಯಾವ ಕಂಪನಿಯೂ ಹೇಳೋ ಹಾಗಿಲ್ಲ. ಯಾರಾದರೂ ಅರ್ಜಿಯಲ್ಲಿ ಹಾಗೆ ಬರೆದರೆ ಆ ನಿಘಂಟನ್ನೇ ಎದುರಿಗಿಡಬಹುದು. ಪರೀಕ್ಷಕರಿಗೆ ಅದು ಗೊತ್ತಿರಬೇಕಲ್ಲ, ಕಷ್ಟ ಇರೋದು ಅಲ್ಲಿ. ಅವರು ಹುಡುಕೋದು ಹೆಚ್ಚಾಗಿ ಹಳೆಯ ಪೇಟೆಂಟ್‌ಗಳಲ್ಲಿ, ಇಂಗ್ಲಿಷ್ ಪ್ರಬಂಧಗಳಲ್ಲಿ.

ತಂಗಿ: ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಹೇಗಿದೆ?

ಅಣ್ಣ: ಒಳ್ಳೆಯದೇ ಇದೆ. 1970ರ ಪೇಟೆಂಟ್ ಕಾಯ್ದೆಯ 3(ಕೆ) ಕಲಂ ಪ್ರಕಾರ ಬರೀ ಗಣಿತ ವಿಧಾನಕ್ಕೆ, ವ್ಯಾಪಾರ ವಿಧಾನಕ್ಕೆ, ಬರೀ ಕಂಪ್ಯೂಟರ್ ಪ್ರೋಗ್ರಾಮಿಗೆ, ಆಲ್ಗರಿದಂಗೆ ಪೇಟೆಂಟ್ ಇಲ್ಲ. ಹೊಸ ಸಂವೇದಕ ಮಾಡಿದರೆ ಸಿಗುತ್ತೆ. ಹಳೆಯ ಕ್ಯಾಮೆರಾಗೆ 'ಈ ಸನ್ನೆ ಕಂಡರೆ ಆ ಗುಂಡಿ ಒತ್ತು' ಅಂತ ನಾಲ್ಕು ಸಾಲು ಪ್ರೋಗ್ರಾಮ್ ಬರೆದರೆ ಸುಲಭಕ್ಕೆ ಸಿಗಬಾರದು. ಇನ್ನು 83ನೇ ಕಲಂ ನನಗೆ ಬಹಳ ಇಷ್ಟ. ಪೇಟೆಂಟ್ ಕೊಡೋದು ಆವಿಷ್ಕಾರಕ್ಕೆ ಉತ್ತೇಜನ ಕೊಡೋಕೆ, ಅದು ಭಾರತದಲ್ಲಿ ಸಾಧ್ಯವಾದಷ್ಟು ಬೇಗ ವಾಣಿಜ್ಯ ಪ್ರಮಾಣದಲ್ಲಿ ಬಳಕೆಗೆ ಬರೋಕೆ ಅಂತ ಅದು ನೇರವಾಗಿ ಹೇಳುತ್ತೆ. ಪೇಟೆಂಟ್ ಕೊಟ್ಟು ಮೂರು ವರ್ಷ ಕಳೆದ ಮೇಲೂ ಇಲ್ಲಿ ಬಳಕೆಗೆ ತರದಿದ್ದರೆ, ಬೇರೆಯವರು ಕಡ್ಡಾಯ ಪರವಾನಗಿ ಕೇಳಬಹುದು, 84ನೇ ಕಲಂ. ಅಮೆರಿಕದ ಕಾನೂನಿನಲ್ಲಿ ಬಳಕೆಗೆ ತರಲೇಬೇಕು ಅನ್ನೋ ಇಂಥ ಹೊಣೆ ಇಲ್ಲ. ಮಯೋ ಕಥೆ, ಆ ಕೀಬೋರ್ಡಿನ ಕಥೆ ಕೇಳಿದ ಮೇಲೆ ಈ ಕಲಂಗಳ ಬೆಲೆ ನಿನಗೆ ತಿಳಿಯುತ್ತೆ.

ತಂಗಿ: ಕಾಗದದ ಮೇಲೆ ಚೆನ್ನಾಗಿದೆ. ನಡೆಯುತ್ತಾ?

ಅಣ್ಣ: ಪೂರ್ತಿ ನಡೆಯೋದಿಲ್ಲ. ಪೇಟೆಂಟ್ ಬಳಕೆಯಲ್ಲಿದೆಯೇ ಅಂತ ತಿಳಿಸುವ ಫಾರಂ 27 ಇದೆ. ಹಿಂದೆ ಅದನ್ನು ಪ್ರತಿ ವರ್ಷ ಸಲ್ಲಿಸಬೇಕಿತ್ತು. 2024ರಲ್ಲಿ ನಿಯಮ ಬದಲಿಸಿ ಮೂರು ಹಣಕಾಸು ವರ್ಷಕ್ಕೊಮ್ಮೆ ಸಾಕು ಅಂದರು, ಕೇಳುವ ವಿವರವನ್ನೂ ಕಡಿಮೆ ಮಾಡಿದರು. ಉದ್ಯಮಕ್ಕೆ ಕಾಗದದ ಹೊರೆ ಇಳಿಯಲಿ ಅಂತ ಮಾಡಿದ್ದು. ನನ್ನ ಕಕ್ಷಿದಾರರಿಗೆ ಇದರಿಂದ ಅನುಕೂಲವಾಗಿದೆ, ಆದರೂ ಇದು ತಪ್ಪು ಹೆಜ್ಜೆ ಅಂತಲೇ ಹೇಳ್ತೀನಿ. ಮೂರು ವರ್ಷದಲ್ಲಿ ಒಂದು ಎಲೆಕ್ಟ್ರಾನಿಕ್ ಸಾಧನ ಹುಟ್ಟಿ ಸತ್ತೇ ಹೋಗುತ್ತೆ. ಅಂಗವೈಕಲ್ಯ ಇದ್ದವರಿಗೆ ನೆರವಾಗುವ ಸಾಧನಗಳ ಪೇಟೆಂಟ್‌ಗಾದರೂ ವಾರ್ಷಿಕ ಲೆಕ್ಕ ಮತ್ತೆ ಬರಬೇಕು. ತಯಾರಿಕೆ ನಿಲ್ಲಿಸಿದವರು, ನಿಲ್ಲಿಸಿದ್ದೇವೆ ಅಂತ ಬರೆದುಕೊಡಬೇಕು. ಆಗ ಬೆಂಗಳೂರಿನದೋ ಹುಬ್ಬಳ್ಳಿಯದೋ ಒಂದು ಸಣ್ಣ ಕಂಪನಿ, ನಾವು ಮಾಡ್ತೀವಿ ಪರವಾನಗಿ ಕೊಡಿ ಅಂತ ಕೇಳೋಕೆ ಆಧಾರ ಸಿಗುತ್ತೆ.

ತಂಗಿ: ಅದು ಸರ್ಕಾರದ ಕೆಲಸ, ಕಂಪನಿಗಳ ಕೆಲಸ. ನನ್ನಂಥ ಶಿಕ್ಷಕಿ ಏನು ಮಾಡೋಕಾಗುತ್ತೆ?

ಅಣ್ಣ: ನೀನು ಮಾಡಬಹುದಾದದ್ದು ಕಾಯ್ದೆಯಲ್ಲೇ ಬರೆದಿದೆ. ಸಾಮಾನ್ಯವಾಗಿ 18 ತಿಂಗಳಿಗೆ ಅರ್ಜಿ ಪ್ರಕಟವಾಗುತ್ತೆ. ಪ್ರಕಟವಾದ ಮೇಲೆ, ಪೇಟೆಂಟ್ ಕೊಡುವ ಮೊದಲು, ಯಾವುದೇ ವ್ಯಕ್ತಿ ಲಿಖಿತವಾಗಿ ಆಕ್ಷೇಪಣೆ ಸಲ್ಲಿಸಬಹುದು, 25(1)ನೇ ಕಲಂ. ಕಂಪನಿಯಾಗಿರಬೇಕಿಲ್ಲ, ವಕೀಲರಾಗಿರಬೇಕಿಲ್ಲ. ಕ್ಷಯರೋಗದ ಬೆಡಾಕ್ವಿಲಿನ್ ಔಷಧ ಗೊತ್ತಲ್ಲ, ಅದರ ಲವಣ ರೂಪಕ್ಕೆ ಇನ್ನೊಂದು ಪೇಟೆಂಟ್ ಪಡೆದು ಹಕ್ಕನ್ನು 2027ರವರೆಗೆ ಎಳೆಯೋಕೆ ಜಾನ್ಸನ್ ಅಂಡ್ ಜಾನ್ಸನ್ ಅರ್ಜಿ ಹಾಕಿತ್ತು. ಅದಕ್ಕೆ 2019ರಲ್ಲಿ ಆಕ್ಷೇಪಣೆ ಹಾಕಿದವರು ಇಬ್ಬರು ಮಹಿಳೆಯರು, ಭಾರತದ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕಾದ ಫುಮೆಝಾ ಟಿಸಿಲೆ. ಇಬ್ಬರೂ ಕ್ಷಯದಿಂದ ಗುಣವಾದವರು, ಇಬ್ಬರೂ ಹಳೆಯ ಔಷಧದ ಅಡ್ಡಪರಿಣಾಮದಿಂದ ಶ್ರವಣಶಕ್ತಿ ಕಳೆದುಕೊಂಡವರು. 2023ರ ಮಾರ್ಚ್‌ನಲ್ಲಿ ಪೇಟೆಂಟ್ ಕಚೇರಿ ಆ ಅರ್ಜಿಯನ್ನು ತಿರಸ್ಕರಿಸಿತು.

ತಂಗಿ: ಕಿವಿ ಕಳೆದುಕೊಂಡವರೇ ಹೋಗಿ ಕೇಳಿದರಾ?

ಅಣ್ಣ: ಅವರೇ. ವೈದ್ಯರ ಸಂಸ್ಥೆಯೊಂದು ಬೆಂಬಲಕ್ಕೆ ನಿಂತಿತ್ತು, ಆಕ್ಷೇಪಣೆ ಅವರ ಹೆಸರಿನದು. ಔಷಧಕ್ಕೆ ಆದದ್ದು ಸನ್ನೆಯ ಸಾಧನಕ್ಕೆ ಯಾಕಾಗಬಾರದು? ಸಂಜ್ಞಾ ಭಾಷೆ ಗುರುತಿಸುವ ಯಂತ್ರ ಅಂತ ಯಾವ ಕಂಪನಿ ಅರ್ಜಿ ಹಾಕಿದರೂ, ಅದರಲ್ಲಿ ಯಾವುದು ಹೊಸದು, ಯಾವುದು ನಿಮ್ಮ ತರಗತಿಯಲ್ಲಿ ಹಿಂದಿನಿಂದ ನಡೆದುಬಂದದ್ದು ಅಂತ ಹೇಳಬಲ್ಲವರು ನೀವು. ನನ್ನಂಥ ಪೇಟೆಂಟ್ ಏಜೆಂಟಿಗೆ ಕ್ಲೇಮ್ ಬರೆಯೋಕೆ ಬರುತ್ತೆ, ಸಂಜ್ಞಾ ಭಾಷೆ ಬರೋದಿಲ್ಲ. ನೀವು ದಾಖಲೆ ಕೊಟ್ಟರೆ ಕಾನೂನಿನ ಭಾಷೆಯಲ್ಲಿ ಬರೆದುಕೊಡೋಕೆ ನಾನು ತಯಾರು, ಶುಲ್ಕ ಬೇಡ. ನನ್ನ ಕಸುಬಿನ ಇನ್ನೂ ಕೆಲವರು ಬರ್ತಾರೆ.

ತಂಗಿ: ಹುಡುಕೋದು ಎಲ್ಲಿಂದ ಶುರು ಮಾಡಬೇಕು?

ಅಣ್ಣ: ಭಾರತೀಯ ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಪ್ರಕಟವಾದ ಅರ್ಜಿಗಳೆಲ್ಲ ಇವೆ, ಹುಡುಕೋಕೆ ದುಡ್ಡು ಕೊಡಬೇಕಿಲ್ಲ. ಕರ್ನಾಟಕದವರ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಕಿವುಡರ ಸಂಘಗಳು, ವಿಶೇಷ ಶಿಕ್ಷಣದ ಶಾಲೆಗಳು, ಎಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರು ಒಟ್ಟಾಗಿ ಕೂತು ಆ ಅರ್ಜಿಗಳ ಕ್ಲೇಮ್ ಓದಬೇಕು. ಅಗಲವಾದ ಕ್ಲೇಮ್ ಕಂಡರೆ ಆಕ್ಷೇಪಣೆ ಹಾಕಬೇಕು. ಪ್ರಕಟವಾದ ದಿನದಿಂದ ಆರು ತಿಂಗಳೊಳಗೆ ಯಾವ ಪೇಟೆಂಟನ್ನೂ ಕೊಡುವಂತಿಲ್ಲ ಅಂತ ನಿಯಮವಿದೆ. ಅಷ್ಟು ಕಾಲಾವಕಾಶ ಖಂಡಿತ ಇರುತ್ತೆ, ಅದರೊಳಗೆ ಕಳಿಸಿ.